ಪೆಟ್ಟಿಗೆ ತೆಗೆಯಬಾರದು ಎಂದರು

ನನ್ನ ತಮ್ಮ ಚನ್ನೇಶನನ್ನು ಸುಡಲು ತಾಲ್ಲೂಕು ಕಚೇರಿಯವರು ಜಾವಗಲ್ ಶಾಲೆಯ ಮೈದಾನದಲ್ಲಿ ಒಂದು ಟ್ರ್ಯಾಕ್ಟರ್ ಸೌದೆ ತಂದು ಒಟ್ಟಿದ್ದರು. ಕೊರಳಲ್ಲಿ ಲಿಂಗ ಕಟ್ಟುವ ಮನೆಯ ಹುಡುಗನಿಗೆ ಸೌದೆ! ನಮ್ಮಲ್ಲಿ ಸತ್ತವರನ್ನು ಸುಡುವುದಿಲ್ಲ. ಮೀಯಿಸಿ, ವಿಭೂತಿ ಬಳಿದು, ಅಂಗೈಯಲ್ಲಿ ಇಷ್ಟಲಿಂಗ ಇಟ್ಟು, ಕೂರಿಸಿ ಮಣ್ಣು ಮಾಡುತ್ತೇವೆ. ಊರಿನ ಮಕ್ಕಳಿಗೂ ಗೊತ್ತಿರುವ ಈ ಮಾತು ತಹಸೀಲ್ದಾರರಿಗೆ ಗೊತ್ತಿರಲಿಲ್ಲ. ಯೋಧರೆಂದರೆ ಚಿತೆ ಎಂದು ಟಿವಿಯಲ್ಲಿ ನೋಡಿದ್ದರಂತೆ. ಬೇರೆ ದಿನವಾಗಿದ್ದರೆ ನಗುತ್ತಿದ್ದೆ, ಅವತ್ತು ಮೈ ಉರಿಯಿತು. ಸೌದೆ ವಾಪಸ್ ಕಳಿಸಿ, ನಮ್ಮ ತೋಟದಲ್ಲಿ ಗುಂಡಿ ತೋಡಿಸಿದೆವು.

ಗಡಿಯಲ್ಲಿ ಕಾಳಗ ಶುರುವಾಗಿ ಒಂದು ವಾರವಾಗಿತ್ತು. ಶತ್ರುಗಳ ಶೆಲ್ ನೇರವಾಗಿ ಬಂಕರ್ ಮೇಲೆ ಬಿದ್ದು ಚನ್ನೇಶ ಹುತಾತ್ಮನಾದ, ದೇಹ ನೋಡುವ ಸ್ಥಿತಿಯಲ್ಲಿಲ್ಲ ಎಂದು ಸೇನೆಯವರು ಫೋನಿನಲ್ಲಿ ಹೇಳಿದ್ದರು. ಅದರ ಹಿಂದಿನ ದಿನ ಅವನೇ ನನಗೆ ಫೋನ್ ಮಾಡಿದ್ದ.

"ಅಕ್ಕ, ಗಾಯ ಆಗಿದ್ದ ನಮ್ಮ ಇಬ್ರು ಹುಡುಗ್ರನ್ನ ಕಾಳಗದ ಜಾಗದಲ್ಲೇ ಬಿಟ್ ಬಂದವ್ರೆ. ಯಾಕ್ ಬಿಟ್ರಿ ಅಂತ ದೊಡ್ಡೋರ ಮುಖಕ್ಕೇ ಕೇಳ್ದೆ. ಸುಮ್ನಿರು, ಇಲ್ಲಾಂದ್ರೆ ನೆಟ್ಟಗಿರಲ್ಲ ಅಂದ್ರು. ನಾನ್ ಬಿಡಲ್ಲ, ಮೇಲಕ್ಕೆ ಹೇಳೇ ಹೇಳ್ತೀನಿ."

"ಹುಷಾರು ಕಣೋ" ಎಂದೆ. ನಕ್ಕ. ಸುಮ್ಮನಿರುವುದು ನಮ್ಮ ಮನೆಯಲ್ಲಿ ಯಾರಿಗೂ ಬಾರದ ವಿದ್ಯೆ. ದ್ರಾಕ್ಷಾಯಣಿ ಬಾಯಿಗೆ ಸಿಕ್ಕಿದರೆ ತೆಂಗಿನಕಾಯಿಗೂ ಜುಟ್ಟು ಉಳಿಯುವುದಿಲ್ಲ ಎಂದು ಕಾಯಿ ವ್ಯಾಪಾರದವರು ನನ್ನನ್ನು ರೇಗಿಸುತ್ತಾರೆ.

ಪೆಟ್ಟಿಗೆ ಬಂತು. ಅರಸೀಕೆರೆಯಿಂದ ನಮ್ಮೂರಿನವರೆಗೂ ಜನ ಹೂವು ಎರಚಿದರು. ಅವರ ಮೇಲೆ ನನಗೆ ಸಿಟ್ಟಿಲ್ಲ, ಅವರ ಅಳು ನಿಜವಾದದ್ದು. ಜೊತೆಗೆ ಬಂದಿದ್ದ ಸೇನೆಯ ಅಧಿಕಾರಿ ಬೆಂಗಳೂರಿನವನು. ಪೆಟ್ಟಿಗೆಯನ್ನು ಜಗಲಿಯ ಮೇಲೆ ಇಳಿಸುತ್ತಲೇ ನನ್ನ ಹತ್ತಿರ ಬಂದು, "ದಯವಿಟ್ಟು ಓಪನ್ ಮಾಡಬೇಡಿ ಮೇಡಂ. ನೋಡೋಕಾಗಲ್ಲ. ಹೀಗೇ ಗೌರವದಿಂದ ಕಳಿಸಿಕೊಡೋಣ" ಎಂದ.

"ಪೆಟ್ಟಿಗೇಲಿ ಇಟ್ಕೊಂಡು ಕೂರಿಸೋದು ಹೆಂಗ್ರೀ?" ಎಂದೆ.

ಆತನಿಗೆ ಅರ್ಥವಾಗಲಿಲ್ಲ. ನಮ್ಮ ಮನೆಗಳಲ್ಲಿ ಸಾವಿನ ಕ್ರಿಯೆ ಮಾಡಿಸುವ ಚಿದಂಬರಯ್ಯನವರು ಎಲ್ಲವನ್ನೂ ಬಿಡಿಸಿ ಹೇಳಿದರು. ಕೇಳುತ್ತ ಕೇಳುತ್ತ ಆತನ ಮುಖ ಕಳೆಗುಂದಿತು. ಈ ಸಲ ಮಲಗಿಸಿಯೇ ಮಣ್ಣು ಮಾಡಿದರಾಗದೇ ಎಂದು ಕೇಳಿದ. ಊರಿನ ಮುಖಂಡ, ನಮ್ಮ ದೊಡ್ಡಪ್ಪನ ಮಗ ಕುಮಾರಸ್ವಾಮಿಯೂ ಅವನ ಜೊತೆ ಸೇರಿದ. "ಅಂಗೇ ಮಾಡಾಣ ಕಣಮ್ಮ. ಶಾಸಕರು ಬಂದು ಕಾಯ್ತಾವ್ರೆ."

ಅಲ್ಲಿಯವರೆಗೆ ಗೋಡೆಗೆ ಒರಗಿದ್ದ ಚನ್ನೇಶನ ಹೆಂಡತಿ ಸ್ವಾತಿ ಎದ್ದು ಬಂದಳು. "ತುಂಡು ತುಂಡಾಗಿದ್ರೂ ಸರಿ, ನನ್ನ ಗಂಡನ್ನ ನಾನ್ ಮೀಯಿಸ್ತೀನಿ" ಎಂದವಳೇ ಪೆಟ್ಟಿಗೆಗೆ ಹೊದಿಸಿದ್ದ ಬಾವುಟವನ್ನು ನೀಟಾಗಿ ಮಡಿಸಿ ಅಧಿಕಾರಿಯ ಕೈಗಿತ್ತಳು. ನಾನು ಹಿತ್ತಿಲಿನಿಂದ ಕಾಯಿ ಸುಲಿಯುವ ಹಾರೆ ತಂದು ಮುಚ್ಚಳ ಮೀಟಿದೆ.

ಚನ್ನೇಶ ಇಡಿಯಾಗಿದ್ದ. ಕೈ, ಕಾಲು, ಎದೆ, ಮುಖ, ಎಲ್ಲ ಇಡಿಯಾಗಿ. ಬಂಕರನ್ನೇ ಪುಡಿ ಮಾಡಿದ ಶೆಲ್ಲು ಇವನ ಮೈಮೇಲೆ ಒಂದು ಗೀರೂ ಹಾಕಿರಲಿಲ್ಲ. ಒಳಗೆ ಮಲಗಿಸಿ ನಾನು ನೀರು ಹೊಯ್ದೆ, ಸ್ವಾತಿ ತಲೆ ತೊಳೆದಳು. ಬಲಗಿವಿಯ ಹಿಂದೆ ಅವಳ ಬೆರಳು ನಿಂತಿತು.

"ಅತ್ತಿಗೆ, ಇಲ್ ನೋಡಿ."

ಹತ್ತಿ ತುರುಕಿದ ಒಂದು ತೂತು. ಹತ್ತಿ ತೆಗೆದರೆ, ತೀರಾ ಹತ್ತಿರದಿಂದ ಗುಂಡು ಹೊಡೆದ ಹಾಗೆ ಸುತ್ತಲೂ ಚರ್ಮ ಸುಟ್ಟು ಕಪ್ಪಾಗಿತ್ತು. ನನಗೆ ಅಳು ಬರಲಿಲ್ಲ, ಸಿಟ್ಟು ಬಂತು. ಕೈ ಒದ್ದೆಯಿದ್ದ ಹಾಗೇ ಹೊರಗೆ ಹೋಗಿ ಅಧಿಕಾರಿಯನ್ನು ಒಳಗೆ ಕರೆತಂದೆ.

"ಇದೇನ್ರೀ?"

"ಶೆಲ್‌ನ ಚೂರು ಇರಬಹುದು."

"ಬಂಕರ್ ಬಿದ್ರೂ ಮೈಗೆಲ್ಲೂ ತಾಗ್ದೆ, ಕಿವಿ ಹಿಂದೆ ಹುಡುಕ್ಕೊಂಡು ಬಂದು ಹೊಕ್ಕೋ ಚೂರಾ?"

ಆತ ದನಿ ತಗ್ಗಿಸಿದ. "ಮೇಡಂ, ಯೋಚನೆ ಮಾಡಿ. ತನಿಖೆ ಅಂತ ಹೊರಟರೆ ಆತ್ಮಹತ್ಯೆ ಅಂತಲೂ ಬರಬಹುದು. ಆಮೇಲೆ ಹುತಾತ್ಮ ಅನ್ನೋ ಹೆಸರೂ ಇರಲ್ಲ."

"ಫೋನಲ್ಲಿ ಬಾಂಬು, ಈಗ ಚೂರು, ಇನ್ನೊಂದ್ ಗಳಿಗೆಗೆ ಆತ್ಮಹತ್ಯೆ. ನನ್ನ ತಮ್ಮನ್ನ ಎಷ್ಟ್ ಸಲ ಸಾಯಿಸ್ತೀರಿ?" ಎಂದು ಕೇಳಿದೆ. ಆತ ಬಾಗಿಲ ಕಡೆ ನೋಡಿದ. ಕೊಂದವನು ಇವನಲ್ಲ, ಅದು ನನಗೂ ಗೊತ್ತು. ಮುಚ್ಚಿಟ್ಟು ಬಾ ಎಂದು ಕಳಿಸಿದವರ ಮಾತನ್ನು ಹೊತ್ತು ತಂದವನು, ಅಷ್ಟೇ. ಆದರೆ ಅಂಥವರಿಲ್ಲದೆ ಕೊಂದವರಿಗೆ ನಿದ್ದೆ ಬಂದೀತೇ?

ಮೊದಲು ಮಣ್ಣು ಮಾಡೋಣ, ಅರ್ಜಿ ಆಮೇಲೆ ಹಾಕೋಣ ಎಂದ ಕುಮಾರಸ್ವಾಮಿ. ಬಸ್ ನಿಲ್ದಾಣದಲ್ಲಿ ಕಮಾನು ಕಟ್ಟಿಸಿ ಚನ್ನೇಶನ ಹೆಸರಿಡುತ್ತೇವೆಂದು ಶಾಸಕರು ಆಗಲೇ ಹೇಳಿಬಿಟ್ಟಿದ್ದರು. ನೆರೆದವರೆಲ್ಲ ತಲೆಯಾಡಿಸಿದರು. ನಾನು ಕೂಗಾಡಿದೆ, ಯಾರೂ ಕೇಳಲಿಲ್ಲ. ಮಣ್ಣಿನೊಳಗೆ ಹೋದ ಮೇಲೆ ಆ ತೂತು ಇತ್ತೆಂದು ಯಾರು ಒಪ್ಪುತ್ತಾರೆ? ಸ್ವಾತಿ ಮಾತ್ರ ಗಂಡನ ತಲೆ ಒರೆಸುತ್ತ ಕೂತಿದ್ದಳು. ಸೋತಳು ಎಂದುಕೊಂಡು ಅವಳ ಮೇಲೂ ಸಿಡುಕಿದೆ.

ಚನ್ನೇಶನಿಗೆ ವಿಭೂತಿ ಬಳಿದು, ವಿಮಾನವೆಂದು ಕರೆಯುವ ಹೂವಿನ ಚಟ್ಟದಲ್ಲಿ ಕೂರಿಸಿ ನಮ್ಮ ತೋಟಕ್ಕೆ ಹೊತ್ತು ತಂದರು. ಪೊಲೀಸರು ಗಾಳಿಯಲ್ಲಿ ಗುಂಡು ಹಾರಿಸಿದರು. ಗುಂಡಿ ಸಿದ್ಧವಾಗಿತ್ತು. ಇಳಿಸಿ ಎಂದು ಚಿದಂಬರಯ್ಯನವರು ಹೇಳುವ ಮೊದಲೇ ಸ್ವಾತಿ ಗುಂಡಿಗೆ ಇಳಿದು, ಅವನನ್ನು ಕೂರಿಸಬೇಕಾದ ಜಾಗದಲ್ಲಿ ತಾನೇ ಕಾಲು ಮಡಿಸಿ ಕೂತುಬಿಟ್ಟಳು.

"ಏನಮ್ಮ ಇದು, ಮೇಲಕ್ಕೆ ಬಾ" ಎಂದ ಕುಮಾರಸ್ವಾಮಿ.

"ಬರಲ್ಲ ಭಾವ. ಅವ್ರನ್ನ ಹಾಸನಕ್ಕೆ ತಗೊಂಡ್ ಹೋಗ್ಲಿ. ನಮ್ಮೋರ ಎದುರಿಗೆ ಡಾಕ್ಟರು ತಲೆ ಬಿಚ್ಚಿ, ಒಳಗೇನೈತೆ ಅಂತ ನೋಡ್ಲಿ. ಅಲ್ಲೀವರ್ಗೂ ಈ ಜಾಗ ಖಾಲಿ ಇಲ್ಲ."

"ಹುತಾತ್ಮ ಅನ್ನೋ ಹೆಸರು ಹೋಗ್ತೈತೆ ಕಣಮ್ಮ!"

"ಅವ್ರಿಗೆ ಚನ್ನೇಶ ಅಂತ ಹೆಸರೈತೆ."

ಕುಮಾರಸ್ವಾಮಿ ಇಬ್ಬರು ಗಂಡಸರಿಗೆ ಸನ್ನೆ ಮಾಡಿದ. ಅವರು ಮುಂದೆ ಬರುತ್ತಿದ್ದಂತೆ ಚಿದಂಬರಯ್ಯನವರು ಅಡ್ಡ ನಿಂತರು. "ಆ ಮಗಳ ಮೈ ಮುಟ್ಟಿದ್ರೆ ನಾನ್ ಕ್ರಿಯೆ ಮಾಡಲ್ಲ. ಬೇರೆ ಅಯ್ಯನೋರೂ ಬರದಂಗೆ ನೋಡ್ಕೋತೀನಿ" ಎಂದರು.

ನಾನೂ ಸೆರಗು ಬಿಗಿದು ಇಳಿದೆ. ಒಬ್ಬನಿಗಾಗಿ ತೋಡಿದ ಗುಂಡಿ. ಮೊಣಕಾಲಿಗೆ ಮೊಣಕಾಲು ತಾಗಿಸಿ ಇಬ್ಬರೂ ಕೂತೆವು. ಮೇಲೆ ಜನ ರೂಢಿಯಂತೆ ಹಾಕಲು ಒಂದೊಂದು ಹಿಡಿ ಮಣ್ಣು ಹಿಡಿದು ನಿಂತಿದ್ದರು.

"ಮುಚ್ಚೋದಿದ್ರೆ ಈಗ ಮುಚ್ರೀ!" ಎಂದು ಕೂಗಿದೆ.

ಒಂದು ಹರಳೂ ನಮ್ಮ ಮೇಲೆ ಬೀಳಲಿಲ್ಲ. ಮೊದಲು ಹೆಂಗಸರು, ಆಮೇಲೆ ಗಂಡಸರು ಕೈಲಿದ್ದ ಮಣ್ಣನ್ನು ಪಕ್ಕಕ್ಕೆ ಬಿಟ್ಟು, ಗುಂಡಿಯ ಸುತ್ತ ನೆಲದ ಮೇಲೇ ಕೂತರು. ಹಾಸನಕ್ಕೆ ಹೋಗಲು ಗಾಡಿ ಕಳಿಸಿ ಎಂದು ಅಧಿಕಾರಿ ಫೋನಿನಲ್ಲಿ ಹೇಳಿದ್ದು ನಮ್ಮ ಕಿವಿಗೆ ಬೀಳುವವರೆಗೂ ಯಾರೊಬ್ಬರೂ ಏಳಲಿಲ್ಲ.