ಮೆಟ್ಟಿಲ ಮೇಲೊಂದು ಕಾಲು

ಮೋರಿಯ ಹತ್ತಿರ ಎದುರಿಗೆ ದೀಪ ಕಂಡಾಗ ಕೆಲಸಕ್ಕೆಂದು ಗುಡ್ಡ ಇಳಿದು ನಡೆಯುತ್ತಿದ್ದವರೆಲ್ಲ ರೂಢಿಯಂತೆ ರಸ್ತೆಯ ಅಂಚಿಗೆ ಸರಿದು ನಿಂತರು. ಖಾಲಿ ಬಸ್ಸೊಂದು ಏದುಸಿರು ಬಿಡುತ್ತ ಗುಡ್ಡ ಹತ್ತಿಹೋಯಿತು. ಅವರಲ್ಲೊಬ್ಬ, ಗಾರೆ ಕೆಲಸದವನು, ಅದಕ್ಕೆ ಕೈ ಕೂಡ ಬೀಸಿದ.

ಆಮೇಲೆ ಗುಂಪಿನಲ್ಲಿದ್ದ, ಗುಡ್ಡದ ಮೇಲಿನ ಅಜ್ಜಿಯ ಸೊಸೆ ಗಕ್ಕನೆ ಹಿಂದಕ್ಕೆ ತಿರುಗಿದಳು.

"ಅಯ್ಯೋ, ಅದು ನಮ್ಮ ಬಸ್ಸು ಕಣ್ರೋ!"

ಆಸ್ಪತ್ರೆಯ ಬಟ್ಟೆ ಒಗೆಯುವ ಕೆಲಸದ ಅವಳು ಎರಡು ವರ್ಷ ಅರ್ಜಿ ಹಿಡಿದು ಬಸ್ ಕಚೇರಿಗೆ ಅಲೆದಿದ್ದಳು. ಕೊನೆಗೆ ಅಲ್ಲಿಯವರು ಒಪ್ಪಿದ್ದು ಇಷ್ಟಕ್ಕೆ: ಒಂದು ದಿನ ಬೆಳಿಗ್ಗೆ ಆರಕ್ಕೆ ಬಸ್ ಬರುತ್ತದೆ, ಗುಡ್ಡದ ಮೇಲೆ ನೀರಿನ ಟ್ಯಾಂಕಿನ ಬಳಿ ಐದು ನಿಮಿಷ ನಿಲ್ಲುತ್ತದೆ. ಅಲ್ಲಿ ಇಪ್ಪತ್ತು ಜನ ಹತ್ತಿದರೆ ದಿನವೂ ಬರುತ್ತದೆ; ಇಲ್ಲದಿದ್ದರೆ ಇಲ್ಲ. ನಿನ್ನೆ ಮನೆಮನೆಗೆ ಹೋಗಿ ಹೇಳಿಬಂದವಳು ಅವಳೇ. ಇಂದು ಬುತ್ತಿ ಕಟ್ಟಿಕೊಂಡು, ಆ ಬಸ್ಸಿನ ವಿಷಯವನ್ನೇ ಮಾತಾಡುತ್ತ, ಟ್ಯಾಂಕಿನ ಬಳಿ ನಿಲ್ಲುವುದನ್ನೇ ಮರೆತು, ರೂಢಿಯ ಕಾಲು ಎಳೆದತ್ತ ಎಲ್ಲರೊಡನೆ ಇಳಿದುಬಂದವಳೂ ಅವಳೇ.

"ಕರ್ಮ ನಮ್ದು," ಗಾರೆಯವನು ಹಣೆ ಬಡಿದುಕೊಂಡ. "ಗುಡ್ಡ ಇಳಿಸೋ ಬಸ್ಸಿಗೋಸ್ಕರ ಈಗ ಗುಡ್ಡ ಹತ್ಬೇಕಾ?"

"ಬಾಯಿ ಮುಚ್ಕೊಂಡು ಓಡಣ್ಣ! ಮೇಲೆ ನಮ್ಮತ್ತೆ ಒಬ್ರೇ ಇದಾರೆ!"

ಬಂಡೆಗಳ ನಡುವಿನ ಅಡ್ಡದಾರಿಯಲ್ಲಿ ಎಲ್ಲರೂ ಬಿದ್ದೆವೋ ಎದ್ದೆವೋ ಎಂದು ಓಡಿದರು. ಯಾರದೋ ಬುತ್ತಿಡಬ್ಬಿ ಗಂಟೆಯಂತೆ ಬಡಿದುಕೊಳ್ಳುತ್ತಿತ್ತು. ಮನೆಗೆಲಸದ ಹೆಂಗಸರು ಸೆರಗು ಸಿಕ್ಕಿಸಿಕೊಂಡು ನಗುತ್ತ, ನಕ್ಕು ಉಸಿರು ಸಿಗದೆ ಒಬ್ಬರನ್ನೊಬ್ಬರು ಬೈಯುತ್ತ ಹತ್ತಿದರು. ಸೊಸೆಯ ಒಂದು ಚಪ್ಪಲಿ ಮೋರಿಯ ಬಳಿಯೇ ಕಳಚಿಬಿದ್ದಿತ್ತು. ಅವಳು ತಿರುಗಿ ನೋಡಲಿಲ್ಲ.

ಮೇಲೆ ಬಸ್ಸು ಆಗಲೇ ಗುರುಗುಟ್ಟುತ್ತಿತ್ತು. ಮಂಡಿನೋವಿನಿಂದ ಎರಡು ವರ್ಷ ಗುಡ್ಡ ಇಳಿಯದ ಅತ್ತೆ, ಕಣ್ಣಿನ ಡಾಕ್ಟರ ಬಳಿ ಹೋಗಬೇಕೆಂದು ನಸುಕಿಗೇ ಬಂದು ಕೂತವರು, ಈಗ ಒಂದು ಕಾಲು ಬಸ್ಸಿನ ಮೆಟ್ಟಿಲ ಮೇಲೆ, ಒಂದು ಕಾಲು ನೆಲದ ಮೇಲೆ ಇಟ್ಟು ಕಂಬಿ ಹಿಡಿದು ನಿಂತಿದ್ದರು.

"ಅಜ್ಜಿ, ಒಂದೋ ಹತ್ತಿ, ಇಲ್ಲಾ ಇಳೀರಿ. ಟೈಮ್ ಆಗೋಯ್ತು," ಕಂಡಕ್ಟರ್ ಗೋಗರೆಯುತ್ತಿದ್ದ.

"ಹತ್ತತಾನೇ ಇದೀನಲ್ಲಪ್ಪ. ಮನಸ್ಸು ಆಗ್ಲೇ ಒಳಗೆ ಹೋಗಿ ಕೂತಿದೆ. ಮಂಡಿ ಇನ್ನೂ ಬರ್ಬೇಕು."

ಅಷ್ಟರಲ್ಲಿ ಸೊಸೆಯ ತಲೆ ಬಂಡೆಯಾಚೆಯಿಂದ ಮೇಲೆದ್ದಿತು. ಅವಳ ಹಿಂದೆ ಇನ್ನೊಂದು, ಮತ್ತೊಂದು.

"ಎಲ್ಲಿ ಹಾಳಾಗಿ ಹೋಗಿದ್ರೇ ಎಲ್ಲಾ?"

"ನಡ್ಕೊಂಡು ಹೋಗ್ತಿದ್ವಿ ಅತ್ತೆ."

"ಇವತ್ತೂ?"

ಎಲ್ಲರೂ ಬಸ್ಸಿನ ಬಾಗಿಲಿಗೆ ನುಗ್ಗಿಬಂದರು. "ಮಂಡಿ ಬಂತು ನೋಡಪ್ಪ," ಎಂದು ಅತ್ತೆ ಟಣ್ಣನೆ ಮೇಲೆ ಹತ್ತಿ ಕಿಟಕಿಯ ಪಕ್ಕ ಕೂತುಬಿಟ್ಟರು.

ಕಂಡಕ್ಟರ್ ಒಬ್ಬೊಬ್ಬರ ತಲೆ ಮುಟ್ಟುವಂತೆ ಪೆನ್ಸಿಲ್ ಆಡಿಸಿ ಎಣಿಸಿದ. ಇಪ್ಪತ್ತಕ್ಕೆ ಬಂದಾಗ ಬಸ್ಸಿನೊಳಗೆ ಎಂಥ ಕೂಗೆದ್ದಿತೆಂದರೆ, ಅವನು ಲೆಕ್ಕ ತಪ್ಪಿ ಮತ್ತೆ ಮೊದಲಿನಿಂದ ಎಣಿಸಬೇಕಾಯಿತು. ಇಪ್ಪತ್ತಮೂರು.

ಬಸ್ಸು ತಿರುವು ಇಳಿದು ಮೋರಿ ದಾಟಿತು. ರಸ್ತೆಯ ಅಂಚಿನಲ್ಲಿ ಚಪ್ಪಲಿ ಬಿದ್ದಿತ್ತು.

"ನಿಂದಲ್ವೇನೇ? ನಿಲ್ಸು ಅನ್ಲಾ?"

"ಬೇಡ ಅತ್ತೆ. ಹೋಗ್ಲಿ."

ಬರಿಗಾಲಿನ ಅಡಿಯಲ್ಲಿ ಬಸ್ಸಿನ ನೆಲ ಬೆಚ್ಚಗೆ ನಡುಗುತ್ತಿತ್ತು. ಸೊಸೆ ಇನ್ನೊಂದು ಚಪ್ಪಲಿಯನ್ನೂ ಕಳಚಿ, ಆ ಪಾದವನ್ನೂ ನೆಲಕ್ಕೆ ಊರಿದಳು.