ಆರನೇ ಪೆಟ್ಟು

ಆ ಊರಿನಲ್ಲಿ ಯಾವ ಬ್ಯಾಂಡು ಎಲ್ಲಿ ಬಾರಿಸಿದರೂ ಒಬ್ಬಾಕೆ ತಪ್ಪದೆ ಹಾಜರಾಗುತ್ತಿದ್ದಳು. ಹೊಟೇಲಿನ ಮಹಡಿಯಿರಲಿ, ಹಳೇ ಗೋದಾಮಿರಲಿ, ಒಂದು ಕಂಬ ನೋಡಿಕೊಂಡು ಅದಕ್ಕೆ ಒರಗಿ ನಿಂತುಬಿಡುತ್ತಿದ್ದಳು. ಹಾಗಾಗಿ ಅವಳಿಗೆ ಕಂಬದಕ್ಕ ಎಂದೇ ಹೆಸರು ಬಿದ್ದಿತ್ತು. ವಾರವೆಲ್ಲ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸ. ವಾರದ ಕೊನೆಗೆ ಹಾಡು. ಸೋಮವಾರ ಬೆಳಿಗ್ಗೆ ಬಸ್ಸಿನಲ್ಲಿ ಕೂತು ಆ ಹಾಡಿನ ಬಗ್ಗೆ ಫೋನಿನಲ್ಲೇ ಒಂದು ಬರಹ ಬರೆದು ಹಾಕುತ್ತಿದ್ದಳು. ಊರಿನ ಹಾಡಿನ ಹುಚ್ಚರೆಲ್ಲ ಅದಕ್ಕೆ ಕಾದು ಕೂತಿರುತ್ತಿದ್ದರು. ಅವಳು ಹೊಗಳಿದರೆ ಮುಂದಿನ ವಾರ ಒಳಗೆ ಕಾಲಿಡಲು ಜಾಗವಿಲ್ಲ; ಮೂಗು ಮುರಿದರೆ ಪಾಪ ಗಿಟಾರಿನವನು ವಾರಪೂರ್ತಿ ಮುಖ ಊದಿಸಿಕೊಂಡಿರುತ್ತಿದ್ದ.

ಕಂಬದಕ್ಕ ನಿಂತ ಕಡೆಯೇ ಶಬ್ದ ಚೆನ್ನಾಗಿ ಕೇಳುತ್ತದೆ ಎಂದು ಜನ ನಂಬಿದ್ದರು. ಅವಳ ಸುತ್ತ ನಿಲ್ಲಲು ಪೈಪೋಟಿಯೇ ನಡೆಯುತ್ತಿತ್ತು. ನಿಜ ಬೇರೆಯೇ ಇತ್ತು. ಅವಳು ಹುಟ್ಟಾ ಪುಕ್ಕಲಿ. ಎಲ್ಲಿಗೆ ಹೋದರೂ ಮೊದಲು ಬಾಗಿಲೆಲ್ಲಿದೆ ಎಂದು ನೋಡುತ್ತಿದ್ದಳು. ಬಾಗಿಲಿಗೆ ಹತ್ತಿರದ ಕಂಬವೇ ಅವಳ ಕಂಬ. ಶಬ್ದಕ್ಕೂ ಅದಕ್ಕೂ ಏನೇನೂ ಸಂಬಂಧವಿರಲಿಲ್ಲ. ಈ ಗುಟ್ಟು ಗೊತ್ತಿದ್ದದ್ದು ಅವಳ ತಮ್ಮನೊಬ್ಬನಿಗೆ.

ತಮ್ಮ ಊರಿನ ಒಂದು ಬ್ಯಾಂಡಿನಲ್ಲಿ ಡ್ರಮ್ಸ್ ಬಾರಿಸುತ್ತಿದ್ದ. ಚಿಕ್ಕಂದಿನಲ್ಲಿ ಮನೆಯ ಬಕೆಟ್ಟು, ಡಬ್ಬಿ, ಸ್ಟೂಲು ಯಾವುದನ್ನೂ ಸುಮ್ಮನೆ ಬಿಟ್ಟವನಲ್ಲ. ಅವನಿಗೆ ತಾಳ ಹಿಡಿದು ಕೊಡುವ ಕೆಲಸ ಅಕ್ಕನದು. ಅವಳಿಗೋ ತಾಳಜ್ಞಾನ ಅಷ್ಟಕ್ಕಷ್ಟೆ. ಏಳು ಪೆಟ್ಟಿನ ತಾಳವೆಂದರೆ ಆರನೆಯದು ಅವಳ ಕೈಗೆ ಬರುತ್ತಲೇ ಇರಲಿಲ್ಲ. ಐದಕ್ಕೆ ತಟ್ಟಿ, ಆರಕ್ಕೆ ಕೈ ಗಾಳಿಯಲ್ಲೇ ನಿಂತು, ಏಳಕ್ಕೆ ಗಾಬರಿಯಿಂದ ಬಂದು ಬೀಳುತ್ತಿತ್ತು. "ಅಕ್ಕ, ಆರು ನಿಂಗೇನು ಅನ್ಯಾಯ ಮಾಡಿದೆ?" ಎಂದು ಅವನು ನಕ್ಕು ನಕ್ಕು ಹೊರಳಾಡುತ್ತಿದ್ದ. ಊರಿನ ಹಾಡಿಗೆಲ್ಲ ತೀರ್ಪು ಕೊಡುವವಳಿಗೆ ನೆಟ್ಟಗೆ ಚಪ್ಪಾಳೆ ತಟ್ಟಲು ಬರುವುದಿಲ್ಲ ಎಂದು ಹೊರಗೆ ಗೊತ್ತಾದರೆ ಮರ್ಯಾದೆ ಏನಾಗಬೇಕು? ಅದಕ್ಕೇ ಅವಳು ಸಭೆಯಲ್ಲಿ ಎಂದೂ ಚಪ್ಪಾಳೆ ತಟ್ಟುತ್ತಿರಲಿಲ್ಲ. ಜನ ಅದನ್ನೂ ದೊಡ್ಡಸ್ತಿಕೆ ಎಂದುಕೊಂಡಿದ್ದರು.

ಆ ಭಾನುವಾರ ಮಧ್ಯಾಹ್ನ ತಮ್ಮನ ಬ್ಯಾಂಡಿನ ಕಾರ್ಯಕ್ರಮ ಒಂದು ಸೋಫಾ ಅಂಗಡಿಯ ನೆಲಮಾಳಿಗೆಯಲ್ಲಿತ್ತು. ಮನೆಯಿಂದ ಹೊರಡುವಾಗ ಅಮ್ಮ ಎಂದಿನಂತೆ, "ಅವನನ್ನ ಸ್ವಲ್ಪ ನೋಡ್ಕೊಳ್ಳೇ" ಎಂದಿದ್ದಳು. ಎಂದಿನಂತೆ ಇವಳು, "ಅವನೇನು ಮಗೂನಾ?" ಎಂದಿದ್ದಳು.

ನೆಲಮಾಳಿಗೆ ಅವಳಿಗೆ ಮೊದಲಿನಿಂದಲೂ ಆಗದ ಜಾಗ. ಶಬ್ದ ಹೊರಗೆ ಹೋಗದಿರಲೆಂದು ಅಂಗಡಿಯ ಮಾಲೀಕ ಸೋಫಾಗಳಿಗೆ ತುಂಬಿ ಉಳಿದ ಫೋಮನ್ನೇ ಗೋಡೆಗೆಲ್ಲ ಅಂಟಿಸಿದ್ದ. ಇಳಿಯುವುದಕ್ಕೂ ಹತ್ತುವುದಕ್ಕೂ ಒಂದೇ ಮೆಟ್ಟಿಲುಸಾಲು, ಇಬ್ಬರು ಜೊತೆಯಾಗಿ ಹತ್ತಲಾಗದಷ್ಟು ಕಿರಿದು. ಆಚೆ ತುದಿಯಲ್ಲಿ, ವೇದಿಕೆಯ ಹಿಂದೆ, ಸಾಮಾನು ಇಳಿಸಲು ಹಿಂಬದಿಯ ತಗ್ಗು ಓಣಿಯ ಕಡೆಗೆ ತೆರೆಯುವ ಒಂದು ಕಬ್ಬಿಣದ ಬಾಗಿಲಿತ್ತು. ಅದರ ಚಿಲಕವಿದ್ದದ್ದು ಹೊರಗಡೆ. ಹಿಂದೊಮ್ಮೆ ಇಲ್ಲೇ ಯಾವನೋ ತಮಾಷೆಗೆ "ಹಾವು" ಎಂದು ಕೂಗಿ, ಜನ ಮೆಟ್ಟಿಲಿಗೆ ನುಗ್ಗಿ, ಒಬ್ಬ ಹುಡುಗಿಯ ಕಾಲು ಮುರಿದಿತ್ತು. ಆ ಹುಡುಗಿಯ ಚೀರಾಟ ಕಂಬದಕ್ಕನ ಕಿವಿಯಿಂದ ಇನ್ನೂ ಹೋಗಿರಲಿಲ್ಲ. ಅವಳು ಮೆಟ್ಟಿಲ ಬುಡದ ಕಂಬ ಹಿಡಿದು ನಿಂತಳು.

ಈ ಬ್ಯಾಂಡಿಗೆ ಒಂದು ವಿಶೇಷವಿತ್ತು. ಕೊನೆಯ ಹಾಡಿನ ನಡುವೆ ಥಟ್ಟನೆ ವಾದ್ಯ ನಿಲ್ಲುತ್ತದೆ, ದೀಪ ಆರುತ್ತದೆ, ಕಗ್ಗತ್ತಲಲ್ಲಿ ಎಲ್ಲರೂ ಉಸಿರು ಬಿಗಿಹಿಡಿದು ನಿಲ್ಲುತ್ತಾರೆ. ಇದಕ್ಕೆ 'ಮುಳುಗು' ಎಂದು ಹೆಸರಿಟ್ಟವಳು ಕಂಬದಕ್ಕನೇ. ಸ್ವಲ್ಪ ಹೊತ್ತಿನ ಮೇಲೆ ತಮ್ಮ ಸಣ್ಣ ಡ್ರಮ್ಮೊಂದನ್ನು ಕೊರಳಿಗೆ ಹಾಕಿಕೊಂಡು ಏಳು ಪೆಟ್ಟಿನ ತಾಳ ಶುರು ಮಾಡುತ್ತಾನೆ. ಜನ ಚಪ್ಪಾಳೆ ತಟ್ಟುತ್ತ ಒಬ್ಬರ ಹಿಂದೊಬ್ಬರು ಮೆಟ್ಟಿಲು ಹತ್ತಿ ಅಂಗಳಕ್ಕೆ ಹೋಗುತ್ತಾರೆ, ಬ್ಯಾಂಡಿನವರು ಕೊನೆಯಲ್ಲಿ ಅವರ ಬೆನ್ನಿಗೇ ಬರುತ್ತಾರೆ. ಅದಕ್ಕೆ 'ಏಳು' ಎಂದು ಹೆಸರು. ಪೆಟ್ಟೂ ಏಳು, ಮೇಲೆ ಬರುವುದೂ ಏಳು. ಈ ಹೆಸರಿಟ್ಟಾಗ ಅವಳು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡಿದ್ದಳು. "ಮುಳುಗಿದಾಗ ಉಸಿರೂ ಮೆಲ್ಲಗೆ, ಕೆಮ್ಮಿದವರಿಗೆ ಕ್ಷಮೆಯಿಲ್ಲ" ಎಂದೂ ಬರೆದಿದ್ದಳು. ಮಾಲೀಕ ಆ ಸಾಲನ್ನು ಮೆಟ್ಟಿಲ ಗೋಡೆಗೆ ದೊಡ್ಡದಾಗಿ ಬರೆಸಿದ್ದ.

ಅಂದು ಕೊನೆಯ ಹಾಡಿನಲ್ಲಿ ಕತ್ತಲು ಬೇಗ ಬಂತು.

ಗಾಯಕಿ ಇನ್ನೂ ಎರಡು ಸಾಲು ಹಾಡಬೇಕಿತ್ತು. ಅಷ್ಟರಲ್ಲೇ ದೀಪ ಹೋಯಿತು, ಮೈಕೂ ಹೋಯಿತು. ವೇದಿಕೆಯ ಮೇಲಿದ್ದವರು ಅರೆಗಳಿಗೆ ತಡವರಿಸಿ ನಿಲ್ಲಿಸಿಬಿಟ್ಟರು. ಜನರಿಗೆ ಏನೂ ತಿಳಿಯಲಿಲ್ಲ. ಮುಳುಗು ಬಂತೆಂದು ಖುಷಿಯಿಂದ ಉಸಿರು ಬಿಗಿಹಿಡಿದರು. ಆ ಹಾಡನ್ನು ಅಕ್ಷರ ಅಕ್ಷರ ಬಲ್ಲ ಕಂಬದಕ್ಕ ಮಾತ್ರ ಉಳಿದುಹೋದ ಆ ಎರಡು ಸಾಲನ್ನು ಮನಸ್ಸಿನಲ್ಲೇ ಎಣಿಸಿದಳು. ಮರುಕ್ಷಣ ಮೂಗಿಗೆ ಸುಟ್ಟ ರಬ್ಬರಿನ ವಾಸನೆ ಬಡಿಯಿತು.

ಕಂಬದ ಹಿಂದಿನ ಗೋಡೆಯಲ್ಲೇ ಕರೆಂಟಿನ ಬೋರ್ಡಿತ್ತು. ಅವಳು ಕೈ ಚಾಚಿ ಫೋಮನ್ನು ಮುಟ್ಟಿದಳು. ಬಿಸಿ. ಅದರ ಅಂಚಿನಲ್ಲಿ ನೂಲಿನಷ್ಟು ಸಣ್ಣ ಕೆಂಪು ಗೆರೆಯೊಂದು ಹರಿದಾಡುತ್ತಿತ್ತು.

ಪಕ್ಕದಲ್ಲೇ ಮಿಕ್ಸರ್ ಮಾಮ ಕೂತಿದ್ದ. ಶಬ್ದದ ಏರಿಳಿತ ನೋಡಿಕೊಳ್ಳುವ ವಯಸ್ಸಾದ ಮನುಷ್ಯ. ಯಂತ್ರ ಸತ್ತದ್ದು ತನ್ನದೇ ತಪ್ಪೆಂದುಕೊಂಡು ಕತ್ತಲಲ್ಲಿ ಸ್ವಿಚ್ಚುಗಳನ್ನು ತಡಕಾಡುತ್ತಿದ್ದ.

"ಮಾಮ, ಹೊಗೆ ಬರ್ತಾ ಇದೆ" ಎಂದು ಪಿಸುಗುಟ್ಟಿದಳು.

"ಅದು ಹೊಗೆ ಮಿಷನ್ ಕಣಮ್ಮ. ಇವತ್ತು ಬಾಡಿಗೆಗೆ ತಂದಿದಾರೆ. ಶ್, ಮುಳುಗು ಕೆಡಿಸ್ಬೇಡ."

ಅವಳು ಫೋನಿನ ದೀಪ ಹಚ್ಚಿದಳು. ಪಕ್ಕದವನು ಅಂಗೈಯಿಂದ ಅದನ್ನು ಮುಚ್ಚಿ, "ಏನಕ್ಕ, ನೀವೇ ಹಿಂಗೆ ಮಾಡಿದ್ರೆ?" ಎಂದ. "ಕೇಳಿ ಇಲ್ಲಿ" ಎಂದು ಬಾಯಿ ತೆಗೆದರೆ ಸುತ್ತಲಿಂದ ಶ್ ಶ್ ಎಂದು ಬಾಯಿ ಮುಚ್ಚಿಸಿದರು. ಅವಳೇ ಕಲಿಸಿದ ಪಾಠ, ಅವಳ ಕೊರಳಿಗೇ ಉರುಳಾಗಿ ಬಂದಿತ್ತು.

ಬೆಂಕಿ ಎಂದು ಗಟ್ಟಿಯಾಗಿ ಕೂಗಿದರೆ ಜನ ಖಂಡಿತ ಕೇಳುತ್ತಿದ್ದರು. ಕೇಳಿ ಮೆಟ್ಟಿಲಿಗೆ ನುಗ್ಗುತ್ತಿದ್ದರು. ಕತ್ತಲು, ಕಿರಿದಾದ ಮೆಟ್ಟಿಲು, ಇಷ್ಟು ಜನ. ಅವರೆಲ್ಲರ ಹಿಂದೆ, ಆ ತುದಿಯಲ್ಲಿ, ತಮ್ಮ. ಮೆಟ್ಟಿಲಲ್ಲಿ ಒಬ್ಬರು ಬಿದ್ದರೂ ಅವನು ಹೊರಗೆ ಬರುವಂತಿಲ್ಲ. ಸುಮ್ಮನೆ ಕಾಯೋಣವೆಂದರೆ ಅದೂ ಆಗದು. ದೀಪ ಬೇಗ ಆರಿದ್ದನ್ನು ಮುಚ್ಚಿಹಾಕಲು ಬ್ಯಾಂಡಿನವರು ಮುಳುಗನ್ನು ಎಂದಿಗಿಂತ ಹೆಚ್ಚು ಎಳೆಯುತ್ತಾರೆ. ಅವರ ಜಾಯಮಾನ ಅವಳಿಗೆ ಗೊತ್ತು.

ಅವಳ ಕಾಲುಗಳು ಅವಳನ್ನು ಕೇಳದೆ ಮೊದಲ ಮೆಟ್ಟಿಲು ಹತ್ತಿದ್ದವು. ಹೌದು, ಓಡಿಹೋಗಬೇಕೆನಿಸಿತ್ತು. ಹೊರಗೆ ಬಿಸಿಲಿದೆ, ಗಾಳಿಯಿದೆ, ಯಾರೂ ತಪ್ಪು ಹೇಳುವುದಿಲ್ಲ. ಅಮ್ಮನಿಗೆ ಏನು ಹೇಳುವುದು ಎಂಬ ಯೋಚನೆ ಬಂದು ಅಲ್ಲೇ ನಿಂತಳು.

ನಿಂತು ಎರಡೂ ಕೈ ಎತ್ತಿ ಚಪ್ಪಾಳೆ ತಟ್ಟತೊಡಗಿದಳು.

ಒಂದು, ಎರಡು, ಮೂರು, ನಾಲ್ಕು, ಐದು. ಆರಕ್ಕೆ ಕೈ ಗಾಳಿಯಲ್ಲೇ ನಿಂತಿತು. ಏಳಕ್ಕೆ ಬಂದು ಬಿತ್ತು. ಯಾರೋ ಕಿಸಕ್ಕೆಂದು ನಕ್ಕರು. "ಯಾರ್ರೀ ಅದು, ತಾಳ ಬರಲ್ಲ ಅಂದ್ರೆ ಸುಮ್ನಿರಿ" ಎಂದು ಇನ್ನೊಬ್ಬರು ಗದರಿದರು. ಆದರೂ ಅವಳು ಬಿಡಲಿಲ್ಲ. ಮತ್ತೆ ಐದು, ಮತ್ತೆ ತೂತು, ಮತ್ತೆ ಏಳು. 'ಕೇಳಿಸ್ಕೊಳ್ಳೋ' ಎಂದು ಮನಸ್ಸಿನಲ್ಲೇ ಗೋಗರೆದಳು.

ಕತ್ತಲ ಆ ತುದಿಯಲ್ಲಿ ತಮ್ಮ ಕಿವಿಗೊಟ್ಟ. ಹಾಗೆ ತಟ್ಟುವವಳು ಭೂಮಿಯ ಮೇಲೆ ಒಬ್ಬಳೇ. ಕೆಮ್ಮಿದವರನ್ನೇ ಕ್ಷಮಿಸದ ಆ ಒಬ್ಬಳು ಮುಳುಗಿನ ನಡುವೆ ಚಪ್ಪಾಳೆ ತಟ್ಟುತ್ತಿದ್ದಾಳೆಂದರೆ ಏನೋ ಆಗಿದೆ. ತಮ್ಮನಿಗೆ ಅಷ್ಟು ಸಾಕಾಯಿತು. ಡ್ರಮ್ಮಿನ ಮೇಲೆ ಏಳು ಪೆಟ್ಟು ಬಿದ್ದವು, ಒಂದೂ ತಪ್ಪದೆ.

ಜನ "ಆಹಾ" ಎಂದು ಮೆಟ್ಟಿಲ ಕಡೆ ತಿರುಗಿದರು. ಎಂದಿನ ಅಭ್ಯಾಸ, ಯಾರೂ ತಳ್ಳಲಿಲ್ಲ. ಚಪ್ಪಾಳೆ ತಟ್ಟುತ್ತ, ಹೆಜ್ಜೆ ಹಾಕುತ್ತ ಒಬ್ಬೊಬ್ಬರೇ ಹತ್ತಿದರು. ಮೊದಲ ಮೆಟ್ಟಿಲಲ್ಲಿದ್ದ ಅವಳನ್ನು ಆ ಸಾಲೇ ಮೇಲಕ್ಕೆ ಹೊತ್ತುಕೊಂಡು ಹೋಯಿತು. "ಮೆಲ್ಲಗೆ, ಮೆಲ್ಲಗೆ" ಎನ್ನುತ್ತಲೇ ಅವಳು ಬಿಸಿಲಿಗೆ ಬಂದು ಬಿದ್ದಳು.

ಅಂಗಳದಲ್ಲಿ ಜಾತ್ರೆಯ ಗದ್ದಲ. ಬಂದವರೆಲ್ಲ ಚಪ್ಪಾಳೆ ನಿಲ್ಲಿಸದೆ ನಗುತ್ತ ನಿಂತಿದ್ದರು. ಅವಳು ಬಾಗಿಲಿನ ಪಕ್ಕ ನಿಂತು ಒಂದೊಂದೇ ಮುಖ ನೋಡಿದಳು. ಕೆಳಗಿನಿಂದ ಡ್ರಮ್ಮು ಕೇಳುತ್ತಿತ್ತು. ಅದು ಕೇಳುವವರೆಗೆ ಅವನಿದ್ದಾನೆ. ಸಾಲಿನ ಕೊನೆಯವರು ಕೆಮ್ಮುತ್ತ, ಕಣ್ಣು ಉಜ್ಜುತ್ತ ಬಂದರು. ಆಮೇಲೆ ಡ್ರಮ್ಮು ನಿಂತಿತು.

ಗಾಯಕಿ ಬಂದಳು, ಗಿಟಾರಿನವನು ಬಂದ. ಅವರ ಹಿಂದೆ ಬಂದದ್ದು ಕಪ್ಪು ಹೊಗೆ.

"ಅವನೆಲ್ಲಿ?" ಎಂದು ಗಾಯಕಿಯ ತೋಳು ಹಿಡಿದಳು.

"ನಮ್ಮ ಹಿಂದೇನೇ ಇದ್ದ. ಮಿಕ್ಸರ್ ಮಾಮ ಯಂತ್ರ ಬಿಟ್ಟು ಎದ್ದಿಲ್ಲ ಅಂತ ಡ್ರಮ್ ಅಲ್ಲೇ ಹಾಕಿ ವಾಪಸ್ ಹೋದ ಅಕ್ಕ."

ಕಂಬದಕ್ಕ ಬಾಗಿಲಿಗೆ ನುಗ್ಗಿದಳು. ಹೊಗೆ ಕಣ್ಣಿಗೆ ಬಡಿದು ಹಿಂದಕ್ಕೆ ತಳ್ಳಿತು. ಇನ್ನೊಮ್ಮೆ ನುಗ್ಗಬೇಕೆಂದರೆ ಕಾಲೇ ಏಳಲಿಲ್ಲ. ಹೆದರಿದ್ದಳು. ತನ್ನ ತಮ್ಮ ಒಳಗಿದ್ದರೂ ಹೆದರಿ ನಿಂತಿದ್ದಳು. ಆ ನಿಲುವನ್ನು ಅವಳು ಸಾಯುವ ತನಕ ಮರೆಯಲಾರಳು. ಮಾಲೀಕ ಅಗ್ನಿಶಾಮಕದವರಿಗೆ ಫೋನು ಮಾಡಿ ವಿಳಾಸವನ್ನು ತೊದಲುತ್ತಿದ್ದ. ಅಂಗಳದ ಆ ಬದಿಯವರಿಗೆ ಇನ್ನೂ ಏನೂ ಗೊತ್ತಾಗಿರಲಿಲ್ಲ; ಒಂದೇ ಸಮನೆ ಏಳು ಪೆಟ್ಟಿನ ಚಪ್ಪಾಳೆ ಹೊಡೆಯುತ್ತಿದ್ದರು.

ಆ ಚಪ್ಪಾಳೆಯ ಒಳಗೆ ಎಲ್ಲೋ ಒಂದು ತಪ್ಪು ಕೇಳಿಸಿತು.

ಕಬ್ಬಿಣದ ಮೇಲೆ ಕೋಲು ಬಡಿದ ಸದ್ದು. ಐದು ಪೆಟ್ಟು, ಒಂದು ತೂತು, ಆಮೇಲೆ ಗಾಬರಿಯ ಏಳು. ನೂರು ಕೈಗಳು ಸರಿಯಾಗಿ ತಟ್ಟುತ್ತಿದ್ದಾಗ ಅದೊಂದೇ ಕಾಲೆಡವುತ್ತಿತ್ತು. ಅವಳು ಓಣಿಯ ಕಡೆಗೆ ಓಡಿದಳು. ಈ ಸಲ ಕಾಲು ಎದ್ದವು.

ಕಬ್ಬಿಣದ ಬಾಗಿಲು ಒಳಗಿನಿಂದ ಅದುರುತ್ತಿತ್ತು. ತುಕ್ಕು ಹಿಡಿದ ಚಿಲಕ ಜಗ್ಗಿದರೂ ಜಪ್ಪಯ್ಯ ಎನ್ನಲಿಲ್ಲ. ಉಗುರು ಕಿತ್ತು ರಕ್ತ ಬಂತು. ಒಳಗಿನ ಸದ್ದು ಸಣ್ಣದಾಗುತ್ತ ಬಂತು. ಮೂರೇ ಪೆಟ್ಟು. ಆಮೇಲೆ ಒಂದು. ಅವಳು ಚಪ್ಪಲಿ ಬಿಚ್ಚಿ ಅದರ ಹಿಮ್ಮಡಿಯಿಂದ ಚಿಲಕಕ್ಕೆ ಹೊಡೆದಳು, ಕಣ್ಣುಮುಚ್ಚಿ ಹೊಡೆದಳು, ಎಷ್ಟು ಪೆಟ್ಟೆಂದು ಎಣಿಸದೆ ಹೊಡೆದಳು. ಚಿಲಕ ಸರಿಯಿತು.

ಮೊದಲು ಮಿಕ್ಸರ್ ಮಾಮ ಹೊರಗೆ ಉರುಳಿದ, ಎದೆಗೆ ತನ್ನ ಯಂತ್ರವನ್ನು ಅವುಚಿಕೊಂಡೇ. ಅವನ ಹಿಂದೆ ಮಸಿ ಬಳಿದ ಮುಖದ ತಮ್ಮ. ಓಣಿಯ ಗೋಡೆಗೆ ಒರಗಿ ಕೂತು ಕೆಮ್ಮಿದ, ಉಗಿದ. ಅವಳು ಅವನ ಎರಡೂ ಕೆನ್ನೆ ಹಿಡಿದುಕೊಂಡಿದ್ದಳು.

"ಮೇಲೆ ಎಲ್ರೂ ತಟ್ತಾ ಇದ್ರಲ್ಲ" ಎಂದ, ದನಿಯೇ ಇಲ್ಲದ ದನಿಯಲ್ಲಿ. "ಸರಿಯಾಗಿ ಬಾರಿಸಿದ್ರೆ ಅದರಲ್ಲೇ ಸೇರಿಹೋಗ್ತಿತ್ತು. ನಿಂಗೂ ಕೇಳಿಸ್ತಿರಲಿಲ್ಲ."

ಅವಳ ಕೈಚೀಲದಲ್ಲಿ ಫೋನು ಅದುರುತ್ತಿತ್ತು, ಅಮ್ಮನೇ ಇರಬೇಕು. ಅವಳು ಅವನ ಕೆನ್ನೆಯಿಂದ ಕೈ ತೆಗೆಯಲಿಲ್ಲ. ಅಂಗಳದಲ್ಲಿ ಚಪ್ಪಾಳೆ ಒಂದೊಂದಾಗಿ ನಿಲ್ಲುತ್ತ ಬಂತು.