ಬಗ್ಗಿದವರು ಔಟ್

ದೊಡ್ಡಬಸಮ್ಮನಿಗೆ ಕೋಪ ಬಂದರೆ ಹೊನ್ನೂರಿನ ನಾಯಿಗಳೂ ಬಾಲ ಮಡಚಿಕೊಂಡು ಜಗಲಿ ಕೆಳಗೆ ಸೇರುತ್ತವೆ ಎಂದು ಊರಲ್ಲೊಂದು ಮಾತಿದೆ. ಅವತ್ತು ಮಧ್ಯಾಹ್ನ ಆಕೆ ಸರ್ಕಾರಿ ಶಾಲೆಯ ಗೇಟು ತಳ್ಳಿಕೊಂಡು ಬಂದದ್ದು ಅಂಥ ಕೋಪದಲ್ಲೇ. ಕೈಯಲ್ಲಿ ಮಗ ಮಹದೇವಪ್ರಸಾದ್ ಬರೆದುಕೊಟ್ಟ ಅರ್ಜಿ. ಎರಡನೇ ತರಗತಿಯ ಭವ್ಯಳ ಟೀಸಿ ಕೊಡಿ, ಯಳಂದೂರಿನ ಕಾನ್ವೆಂಟಿಗೆ ಸೇರಿಸುತ್ತೇವೆ ಎಂದು ಅದರಲ್ಲಿತ್ತು.

ಕೋಪಕ್ಕೆ ಕಾರಣ ಇಲ್ಲದಿಲ್ಲ. ಆಕೆಯ ಮನೆಯಲ್ಲಿ ಹಾವಿಗೆ ಹಾವು ಅನ್ನುವ ಹಾಗಿಲ್ಲ, ಹುಳ ಅನ್ನಬೇಕು. ಬೆಟ್ಟದಿಂದಿಳಿದು ಬರುವ ಚುಕ್ಕೆ ಮೈಯ ಪ್ರಾಣಿಗಂತೂ ಹೆಸರೇ ಇಲ್ಲ, ಬರೀ ‘ಅದು’. ಹೆಸರು ಹಿಡಿದು ಕರೆದರೆ ಹೊಸಲಿಗೆ ಬರುತ್ತದೆ ಎಂದು ಅತ್ತೆ ಕಲಿಸಿದ್ದನ್ನು ದೊಡ್ಡಬಸಮ್ಮ ಮದುವೆಯಾಗಿ ಬಂದ ದಿನದಿಂದ ತಪ್ಪಿರಲಿಲ್ಲ. ಈಗ ನೋಡಿದರೆ ಕಬ್ಬಿನ ಕಟಾವು ಶುರುವಾಗಿ, ಅದು ಅಡಗಲು ಜಾಗವಿಲ್ಲದೆ ಗದ್ದೆಯಿಂದ ಗದ್ದೆಗೆ ಅಲೆಯುತ್ತಿತ್ತು. ನಾಲ್ಕು ದಿನದ ಹಿಂದೆ ಶಿವನಂಜಯ್ಯನ ನಾಯಿಯನ್ನು ಕೊಟ್ಟಿಗೆಯಿಂದಲೇ ಎತ್ತಿಕೊಂಡು ಹೋಗಿತ್ತು. ಇಂಥ ಹೊತ್ತಿನಲ್ಲಿ ಮೊಮ್ಮಗಳು ಶಾಲೆಯಿಂದ ಬಂದವಳೇ “ಚಿರತೆ ಬಂತು, ಚಿರತೆ ಬಂತು” ಎಂದು ಮನೆ ತುಂಬ ಕುಣಿದರೆ ಯಾವ ಅಜ್ಜಿ ಸುಮ್ಮನಿದ್ದಾಳು? ಮದುವೆಗೆ ಕರೆಯೋಲೆ ಕೊಟ್ಟ ಹಾಗೆ!

ತರಗತಿಯಲ್ಲಿ ಪಾಠವೂ ಇಲ್ಲ, ಸ್ಲೇಟೂ ಇಲ್ಲ. ಮಕ್ಕಳು ಗುಂಪು ಗುಂಪಾಗಿ ನಿಂತಿದ್ದರು. ರಟ್ಟಿನ ಮುಖವಾಡ ಕಟ್ಟಿಕೊಂಡ ಹುಡುಗಿಯೊಬ್ಬಳು ನಾಲ್ಕು ಕಾಲಿನಲ್ಲಿ ತೆವಳುತ್ತ ಒಂದೊಂದು ಗುಂಪಿನ ಹತ್ತಿರ ಬರುತ್ತಿದ್ದಳು. ದಿನಾ ಕೊಳ್ಳೇಗಾಲದಿಂದ ಬಸ್ಸಿನಲ್ಲಿ ಬರುವ ಕೋಮಲ ಟೀಚರು ಚಪ್ಪಾಳೆ ತಟ್ಟಿ ಕೂಗುತ್ತಿದ್ದಳು:

“ಓಡಿದವರು?”

“ಔಟ್!”

“ಬಗ್ಗಿದವರು?”

“ಔಟ್!”

ಮಕ್ಕಳು ಒಬ್ಬರಿಗೊಬ್ಬರು ಅಂಟಿಕೊಂಡು, ಸ್ಕೂಲ್ ಬ್ಯಾಗನ್ನು ತಲೆಯ ಮೇಲೆತ್ತಿ, ಮುಖವಾಡವನ್ನೇ ನೋಡುತ್ತ ಒಂದೊಂದೇ ಹೆಜ್ಜೆ ಹಿಂದಕ್ಕಿಟ್ಟು “ಹೋಗು ಚಿರತೆ!” ಎಂದು ಕಿರುಚಿದರು. ದೊಡ್ಡಬಸಮ್ಮ ಕಿವಿ ಮುಚ್ಚಿಕೊಂಡಳು.

“ಏನ್ ಮೇಡಮ್ಮಾರೇ ಇದು? ಮಕ್ಳಿಗೆ ಅಕ್ಸರ ಕಲ್ಸಿ ಅಂದ್ರ ಅದ್ರ ಮುಂದ ಬೊಂಬೆ ಅಂಗೆ ನಿಂತ್ಕಳದ ಕಲುಸ್ತಿದ್ದರಿ?”

“ಬನ್ನಿ ಅಮ್ಮ,” ಎಂದಳು ಕೋಮಲ, ಸ್ವಲ್ಪವೂ ಹೆದರದೆ. “ನಾವು ನೆಟ್ಟಗೆ ನಿಂತರೆ ಅದಕ್ಕೆ ದೊಡ್ಡದಾಗಿ ಕಾಣ್ತೀವಿ. ಓಡಿದರೆ ಅಟ್ಟಿಸಿಕೊಂಡು ಬರುತ್ತೆ. ಬಗ್ಗಿದರೆ ಕುರಿಯೋ ಕರುವೋ ಅಂದುಕೊಳ್ಳುತ್ತೆ. ಈ ಮಕ್ಕಳು ದಿನಾ ಕಬ್ಬಿನ ಗದ್ದೆ ಬದುವಿನಲ್ಲೇ ತಾನೆ ಬರೋದು? ಬಾಯಲ್ಲಿ ಹೇಳಿದರೆ ಮರೆತುಬಿಡುತ್ತವೆ. ಆಡಿದರೆ ಮೈಗೆ ಬರುತ್ತೆ.”

“ಬಗ್ಗುದ್ರ ಏನಾದ್ದು? ಕಲ್ಲಿಗೆ ಬಗ್ಗುದ್ರ ಎಂಥದಾದ್ರೂ ಓಡ್ತದ ಕನವ್ವ!”

“ನಾಯಿ ಓಡುತ್ತೆ ಅಮ್ಮ. ಇವರೂ ಮೊದಲ ದಿನ ಎಲ್ಲರೂ ಕಲ್ಲಿಗೇ ಬಗ್ಗಿದರು. ಮೂವತ್ತು ಮಕ್ಕಳೂ ಔಟ್.”

ಎಲಾ ಇವಳ! ಅರವತ್ತು ದಾಟಿದ ಹೆಂಗಸಿಗೆ ಕಲ್ಲೆತ್ತುವುದನ್ನು ಹೇಳಿಕೊಡಲು ಬಂದಳು. ದೊಡ್ಡಬಸಮ್ಮ ಅರ್ಜಿಯನ್ನು ಮೇಜಿನ ಮೇಲೆ ಕುಕ್ಕಿದಳು. ಹೆಡ್‌ಮಾಸ್ಟರು ಮೀಟಿಂಗಿಗೆ ಹೋಗಿದ್ದರು, ಟೀಸಿ ನಾಳೆ ಎಂದಾಯಿತು. ಭವ್ಯ ಬಾಗಿಲ ಚೌಕಟ್ಟು ಹಿಡಿದುಕೊಂಡು ಗೋಳೋ ಎಂದು ಅತ್ತಳು. “ನಾ ಒಲ್ಲೆ, ನಂಗೆ ಈ ಸ್ಕೂಲೇ ಬೇಕು!” ಅಜ್ಜಿಗೂ ಕರುಳು ಚುರುಕ್ ಎಂದಿತು. ಆದರೆ ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಪೈಕಿಯಲ್ಲ ಅವಳು. ಕೈ ಹಿಡಿದು ಎಳೆದುಕೊಂಡೇ ಹೊರಟಳು.

ಅವರಿದ್ದ ತೋಟದ ಮನೆಗೆ ಕಾಲುವೆ ಏರಿಯ ಮೇಲೆ ಹತ್ತು ನಿಮಿಷದ ದಾರಿ. ಒಂದು ಪಕ್ಕ ಕಡಿದ ಗದ್ದೆ, ಇನ್ನೊಂದು ಪಕ್ಕ ಕಡಿಯದ ಕಬ್ಬು. ಭವ್ಯ ಮೂಗು ಸೊರಸೊರ ಎಳೆಯುತ್ತ ಹಿಂದೆ ಬರುತ್ತಿದ್ದಳು. ಕಬ್ಬಿನ ಗರಿ ಸರಸರ ಎಂದಿತು. ದೊಡ್ಡಬಸಮ್ಮ ತಿರುಗಿದಳು.

ಅದು ನಿಂತಿತ್ತು. ಹದಿನೈದು ಮಾರು ದೂರದಲ್ಲಿ, ಅವರು ದಾಟಿ ಬಂದ ಏರಿಯ ಮೇಲೆಯೇ, ನಡುಹಗಲಿನ ಬಿಸಿಲಲ್ಲಿ.

ದೊಡ್ಡಬಸಮ್ಮನ ಎದೆ ಹೆದರಿದರೂ ಕೈ ಸುಮ್ಮನಿರಲಿಲ್ಲ. ಹುಟ್ಟಿದಾಗಿನಿಂದ ಬೀದಿನಾಯಿ ಕಂಡಾಗೆಲ್ಲ ಮಾಡಿದ್ದನ್ನೇ ಆ ಕೈ ಮಾಡಿತು. ಆಕೆ ಕಲ್ಲಿಗೆ ಬಗ್ಗಿದಳು. ಅದು ತಲೆ ತಗ್ಗಿಸಿತು, ಹೊಟ್ಟೆಯನ್ನು ನೆಲಕ್ಕೆ ಒತ್ತಿತು, ಒಂದು ಹೆಜ್ಜೆ ಮುಂದಿಟ್ಟಿತು.

“ಅಜ್ಜೀ, ಬಗ್ಬೇಡ! ಔಟಾಯ್ತೀಯ!”

ಏಳು ವರ್ಷದ ಹುಡುಗಿ ಅಜ್ಜಿಯ ಸೆರಗು ಜಗ್ಗಿ ಮೇಲಕ್ಕೆಬ್ಬಿಸಿದಳು. ಪಕ್ಕಕ್ಕೆ ಅಂಟಿಕೊಂಡು ನಿಂತು ಬ್ಯಾಗನ್ನು ತಲೆಯ ಮೇಲೆತ್ತಿದಳು. “ಕೈ ಎತ್ತು ಅಜ್ಜಿ. ಅದ್ರ ಮಕನೇ ನೋಡು. ಓಡ್ಬೇಡ. ಕೂಗು!”

ದೊಡ್ಡಬಸಮ್ಮ ನೆಟ್ಟಗಾದಳು. ಸೀರೆಯ ಸೆರಗನ್ನು ಎರಡೂ ಕೈಯಲ್ಲಿ ಹಿಡಿದು ಅಗಲಕ್ಕೆ ಎತ್ತಿದಳು. ಗಂಟಲವರೆಗೆ ‘ಅದು’ ಎಂಬ ಮಾತೇ ಬಂತು, ಆದರೆ ‘ಅದೇ, ಹೋಗು’ ಎಂದು ಯಾರಾದರೂ ಕೂಗುತ್ತಾರೆಯೇ? ಅತ್ತೆಯ ಮಾತು ಅತ್ತೆಯ ಜೊತೆಗೇ ಹೋಗಲಿ.

“ಓಗಲೇ ಚಿರ್ತೆ! ಚಿರ್ತೆ ಮುಂಡೇದೆ! ಓಗ್ತೀಯೋ ಇಲ್ವೋ!”

ಹೊನ್ನೂರಿನ ನಾಯಿಗಳನ್ನೆಲ್ಲ ಅಡಗಿಸಿದ ಗಂಟಲು ಅದು. ಚಿರತೆ ಕಿವಿ ಮಡಚಿತು. ಅಜ್ಜಿ ಮೊಮ್ಮಗಳು ಕೂಗುತ್ತ ಹಿಂದು ಹಿಂದಕ್ಕೆ ಒಂದೊಂದೇ ಹೆಜ್ಜೆ ಇಟ್ಟರು. ಅದು ಒಂದಷ್ಟು ಹೊತ್ತು ನೋಡಿ, ಈ ಗಲಾಟೆ ತನಗೆ ಬೇಡವೆಂಬಂತೆ ತಿರುಗಿ ಕಬ್ಬಿನೊಳಕ್ಕೆ ಹೊರಟುಹೋಯಿತು. ಮನೆ ಬಾಗಿಲು ಹಾಕಿಕೊಂಡ ಮೇಲೆಯೇ ದೊಡ್ಡಬಸಮ್ಮ ಮೊಮ್ಮಗಳನ್ನು ತಬ್ಬಿಕೊಂಡು ಬಾಯಿ ಬಿಟ್ಟು ಅತ್ತದ್ದು.

ಮಾರನೆಯ ದಿನ ಆಕೆ ಭವ್ಯಳ ಕೈ ಹಿಡಿದು ಮತ್ತೆ ಶಾಲೆಗೆ ಬಂದಳು. ಮೇಜಿನ ಮೇಲಿದ್ದ ಅರ್ಜಿಯನ್ನು ತಾನೇ ತೆಗೆದುಕೊಂಡು ನಾಲ್ಕು ಚೂರು ಮಾಡಿದಳು.

“ಟೀಸಿ ಬೇಡ್ವಾ ಅಮ್ಮ?” ಎಂದಳು ಕೋಮಲ.

“ಅದ ಬುಡಿ ಮೇಡಂ. ಒಸಿ ಆಟ ಆಡ್ಸಿ, ನೋಡನ.”

ಆಟ ಶುರುವಾಯಿತು. ಮುಖವಾಡದ ಹುಡುಗಿ ಬಂದಳು, ಬ್ಯಾಗುಗಳು ಮೇಲೆದ್ದವು, “ಬಗ್ಗಿದವರು?” ಎಂದು ಕೋಮಲ ಕೇಳಿದಳು. ಮಕ್ಕಳು ಬಾಯಿ ತೆರೆಯುವ ಮೊದಲೇ ದೊಡ್ಡಬಸಮ್ಮ ಕೈಯೆತ್ತಿದಳು.

“ನಾನು ಕನ್ರವ್ವ. ನೆನ್ನ ನಾನು ಔಟಾಗಿದ್ದಿ. ಇವ್ಳು ಎತ್ತಿ ನಿಲ್ಲುಸ್ಕಂಡ್ಲು,” ಎಂದು ಭವ್ಯಳನ್ನು ಮುಂದಕ್ಕೆ ತಳ್ಳಿ, ಮಕ್ಕಳ ಗುಂಪಿನ ಕೊನೆಯಲ್ಲಿ ತಾನೂ ಸೆರಗು ಅಗಲಿಸಿಕೊಂಡು ನಿಂತಳು.